ಜಾಜ್ ಓದೋಕೆ ಯಾವ ಕಾಲೇಜು?

ಅಮೆರಿಕದಲ್ಲಿರುವ ನಮ್ಮವರ ಮನೆಗಳಲ್ಲಿ ಮಕ್ಕಳಿಗೆ ಹದಿನೇಳು ತುಂಬಿತೆಂದರೆ ಮಾತೆಲ್ಲ ಕಾಲೇಜಿನದ್ದೇ. ಯಾರ ಮನೆಗೆ ಊಟಕ್ಕೆ ಹೋದರೂ ಬಿಸಿಬೇಳೆಬಾತು ತಟ್ಟೆಗೆ ಬೀಳುವ ಮೊದಲೇ ‘ನಿಮ್ಮ ಮಗಳು ಎಲ್ಲೆಲ್ಲಿಗೆ ಅಪ್ಲೈ ಮಾಡ್ತಿದಾಳೆ?’ ಅನ್ನೋ ಪ್ರಶ್ನೆ. ಕಂಪ್ಯೂಟರ್ ಸೈನ್ಸ್ ಅಂದರೆ ಮುಂದಿನ ಅರ್ಧ ಗಂಟೆ ಸಲಹೆ ಪುಕ್ಕಟೆ. ನನ್ನ ಮಗಳು ‘ಜಾಜ್, ಟೆನರ್ ಸ್ಯಾಕ್ಸೊಫೋನ್’ ಅಂದಾಗ ಎಲ್ಲರೂ ಒಂದು ಗಳಿಗೆ ಸುಮ್ಮನಾದರು. ಆಮೇಲೆ ಒಬ್ಬರು ಕೇಳಿದರು: ‘ಅದು ಸರಿ, ಮೇಜರ್ ಏನು?’

ಮೈಸೂರಿನಲ್ಲಿರುವ ನಮ್ಮಮ್ಮನೇ ವಾಸಿ. ಫೋನಿನಲ್ಲಿ ಹೇಳಿದೆ. ‘ಕದ್ರಿ ಗೋಪಾಲನಾಥ್ ನುಡಿಸ್ತಿದ್ರಲ್ಲ, ಅದೇ ವಾದ್ಯ ತಾನೆ? ಒಳ್ಳೇದಾಯ್ತು ಬಿಡೋ’ ಅಂದರು. ಸ್ಯಾಕ್ಸೊಫೋನ್ ಅಂದರೆ ದೇವರ ಮುಂದೆ ನುಡಿಸಬಹುದಾದ ವಾದ್ಯ ಅಂತ ನಮ್ಮ ಕಡೆಯ ಒಂದು ತಲೆಮಾರನ್ನು ಆ ಪುಣ್ಯಾತ್ಮ ಒಪ್ಪಿಸಿಬಿಟ್ಟಿದ್ದರು. ನನಗೆ ಅರ್ಧ ಕೆಲಸ ಹಗುರಾಯಿತು. ಉಳಿದ ಅರ್ಧ, ಅಂದರೆ ಯಾವ ಕಾಲೇಜು ಅನ್ನೋದು, ಒಂದು ವರ್ಷ ತಿಂದಿತು.

ಮೊದಲು ತಿಳಿದುಕೊಳ್ಳಬೇಕಾದ್ದು, ಜಾಜ್ ಹುಟ್ಟಿದ್ದು ಕಾಲೇಜಿನಲ್ಲಲ್ಲ. ನಮ್ಮ ನ್ಯೂಜೆರ್ಸಿಯ ರೆಡ್ ಬ್ಯಾಂಕ್ ಊರಿನ ಕೌಂಟ್ ಬೇಸಿ ಹಾರ್ಲೆಮ್ಮಿನ ಒಂದು ಥಿಯೇಟರಿನಲ್ಲಿ ಫ್ಯಾಟ್ಸ್ ವಾಲರ್ ಆರ್ಗನ್ ನುಡಿಸುವಾಗ ಪಕ್ಕದಲ್ಲಿ ಕೂತು ನೋಡಿ ಕಲಿತವನು. ಡಿಗ್ರಿ ಬಂದದ್ದು ತಡವಾಗಿ. ಟೆಕ್ಸಾಸ್‌ನ ಡೆಂಟನ್‌ನಲ್ಲಿರುವ ಈಗಿನ ನಾರ್ತ್ ಟೆಕ್ಸಾಸ್ ವಿಶ್ವವಿದ್ಯಾಲಯ 1947ರಲ್ಲಿ ಶುರು ಮಾಡಿದಾಗ ಕೋರ್ಸಿಗೆ ಜಾಜ್ ಅಂತ ಹೆಸರಿಡಲೂ ಸಂಕೋಚ. ‘ಡಾನ್ಸ್ ಬ್ಯಾಂಡ್’ ಅಂತ ಕರೆದರು. ಬಾಸ್ಟನ್ನಿನ ಬರ್ಕ್ಲಿ 1945ರಲ್ಲಿ ಲಾರೆನ್ಸ್ ಬರ್ಕ್ ಅನ್ನೋರು ತೆರೆದ ಸಣ್ಣ ಶಾಲೆ. ಆಮೇಲೆ ಮಗ ಲೀ ಹೆಸರನ್ನೂ ಸೇರಿಸಿ ಬರ್ಕ್ಲಿ ಮಾಡಿದರು. ಇವತ್ತು ಅಲ್ಲಿ ಸಾವಿರಾರು ವಿದ್ಯಾರ್ಥಿಗಳು.

ಹೊರಗಿನಿಂದ ನೋಡಿದರೆ ಎಲ್ಲ ಒಂದೇ ಥರ ಕಾಣುತ್ತವೆ. ಒಳಗೆ ಹೋದರೆ ಬೇರೆ ಬೇರೆ. ನಾರ್ತ್ ಟೆಕ್ಸಾಸಿನಲ್ಲಿ ದೊಡ್ಡ ಬ್ಯಾಂಡುಗಳ ಪರಂಪರೆ. ಅಭ್ಯಾಸದ ಹೊತ್ತಿನ ಮೇಲೆ ಬ್ಯಾಂಡುಗಳಿಗೆ ಹೆಸರು ಬಂದಿದೆ. ‘ಒಂದು ಗಂಟೆ’ಯ ಬ್ಯಾಂಡು ಎಲ್ಲಕ್ಕಿಂತ ಮೇಲಿನದು. ಕೆಳಗಿನಿಂದ ಏಣಿ ಹತ್ತಬೇಕು. ಒಹಾಯೊದ ಓಬರ್ಲಿನ್‌ನಲ್ಲಿ ಐದು ವರ್ಷಕ್ಕೆ ಎರಡು ಡಿಗ್ರಿ, ಸಂಗೀತವೂ ಆಯಿತು, ಇನ್ನೊಂದು ವಿಷಯವೂ ಆಯಿತು. ನಮ್ಮ ರಾಜ್ಯದ್ದೇ ವೇನ್ ಊರಿನ ವಿಲಿಯಂ ಪ್ಯಾಟರ್ಸನ್ ಸರಕಾರಿ ವಿಶ್ವವಿದ್ಯಾಲಯ. ಬೇಸಿಯ ಬ್ಯಾಂಡಿನಲ್ಲಿ ಟ್ರಂಪೆಟ್ ನುಡಿಸುತ್ತಿದ್ದ ಥ್ಯಾಡ್ ಜೋನ್ಸ್ ಆರಂಭದ ದಿನಗಳಲ್ಲಿ ಅಲ್ಲಿದ್ದರು. ಅಲ್ಲಿ ಒತ್ತು ಇರೋದು ನಾಲ್ಕೈದು ಜನರ ಸಣ್ಣ ತಂಡಗಳಿಗೆ. ದೊಡ್ಡ ಬ್ಯಾಂಡಿನಲ್ಲಿ ಬರೆದಿಟ್ಟದ್ದನ್ನು ಹದಿನೇಳು ಜನರ ಜೊತೆ ಕೂಡಿ ನುಡಿಸೋ ಶಿಸ್ತು ಬರುತ್ತೆ. ಸಣ್ಣ ತಂಡದಲ್ಲಿ ಅಡಗಿಕೊಳ್ಳೋಕೆ ಜಾಗವೇ ಇಲ್ಲ.

ಪ್ರವೇಶದ ವಿಧಾನ ಗೊತ್ತಿಲ್ಲದವರಿಗೆ ಎರಡು ಮಾತು. ಹಲವು ಕಡೆ ಡಿಸೆಂಬರ್ 1ರ ಒಳಗೆ ವಿಡಿಯೋ ಕಳಿಸಬೇಕು. ಸಾಮಾನ್ಯವಾಗಿ ಒಂದು ಬ್ಲೂಸ್, ಒಂದು ವೇಗದ ಹಾಡು, ಒಂದು ನಿಧಾನದ ಬ್ಯಾಲಡ್. ಹಾಡಿನ ಆವರ್ತ ಹಾಗೇ ಸುತ್ತುತ್ತಿರುತ್ತೆ, ಅದರ ಮೇಲೆ ಹುಡುಗಿ ಏನು ಕಟ್ಟುತ್ತಾಳೋ ಅದು ಅವಳ ಮನೋಧರ್ಮ. ಕರ್ನಾಟಕ ಸಂಗೀತ ಕೇಳಿದವರಿಗೆ ಇದನ್ನು ಜಾಸ್ತಿ ವಿವರಿಸಬೇಕಿಲ್ಲ. ವಿಡಿಯೋ ಪಾಸಾದರೆ ಜನವರಿ, ಫೆಬ್ರವರಿಯಲ್ಲಿ ಖುದ್ದು ಆಡಿಷನ್. ಹಿಮ ಬೀಳೋ ಕಾಲ. ವಾದ್ಯ ತಣ್ಣಗಾದರೆ ಶ್ರುತಿ ಇಳಿಯುತ್ತೆ ಅಂತ ಮಗಳು ಸ್ಯಾಕ್ಸನ್ನು ಡಿಕ್ಕಿಗೆ ಹಾಕಲು ಬಿಡಲಿಲ್ಲ. ಅದಕ್ಕೆ ಹಿಂದಿನ ಸೀಟು, ಸೀಟ್ ಬೆಲ್ಟು. ನನ್ನ ಬ್ಯಾಗು ಡಿಕ್ಕಿಗೆ.

ಏಪ್ರಿಲ್ ಹೊತ್ತಿಗೆ ಕೈಯಲ್ಲಿ ಎರಡು ಕಾಗದ ಉಳಿದವು. ಒಂದು, ಹೆಸರು ಹೇಳಿದರೆ ಎಲ್ಲರೂ ಹುಬ್ಬೇರಿಸುವ ದೂರದ ಖಾಸಗಿ ಕಾಲೇಜು. ಇನ್ನೊಂದು ವಿಲಿಯಂ ಪ್ಯಾಟರ್ಸನ್. ಮೇ 1ರೊಳಗೆ ಹೇಳಬೇಕು. ಖಾಸಗಿಯಲ್ಲಿ ಫೀಸು, ಊಟ, ವಸತಿ ಎಲ್ಲ ಸೇರಿ ವರ್ಷಕ್ಕೆ ಎಪ್ಪತ್ತು ಸಾವಿರ ಡಾಲರ್ ದಾಟುತ್ತಿತ್ತು. ಸ್ವಲ್ಪ ಸ್ಕಾಲರ್‌ಶಿಪ್ ಕೊಟ್ಟಿದ್ದರು. ಮಿಕ್ಕಿದ್ದು ಸಾಲ, ಅದರಲ್ಲಿ ಒಂದು ಪಾಲು ಅವಳ ಹೆಸರಿಗೇ. ರಾಜ್ಯದವರಿಗೆ ಸರಕಾರಿ ಕಾಲೇಜಿನ ಖರ್ಚು ಅದರ ಅರ್ಧಕ್ಕಿಂತ ಕಡಿಮೆ. ನನ್ನ ಹೆಂಡತಿ ಎಕ್ಸೆಲ್ ಹಾಳೆ ಮಾಡಿದಳು: ಫೀಸು, ದೂರ, ಮೇಷ್ಟ್ರು, ಮುಂದೆ ಕೆಲಸ. ಮಗಳು ಅದನ್ನು ತೆಗೆದು ಕೊನೆಗೆ ಇನ್ನೊಂದು ಅಂಕಣ ಸೇರಿಸಿದಳು: ‘ಪಕ್ಕದಲ್ಲಿ ಯಾರು?’

‘ಅಂದ್ರೆ?’

‘ಅಪ್ಪ, ಮೇಷ್ಟ್ರು ವಾರಕ್ಕೆ ಒಂದು ಗಂಟೆ ಸಿಗ್ತಾರೆ. ಉಳಿದ ದಿನವೆಲ್ಲ ನಾನು ಯಾರ ಜೊತೆ ನುಡಿಸ್ತೀನಿ? ಡ್ರಮ್ಮರ್ ಚೆನ್ನಾಗಿಲ್ಲದಿದ್ರೆ ನಾನು ಹೇಗೆ ಚೆನ್ನಾಗಾಗ್ತೀನಿ?’

ಇಬ್ಬರೂ ಎರಡೂ ಕಡೆ ಇನ್ನೊಮ್ಮೆ ಹೋಗಿಬಂದೆವು. ಈ ಸಲ ಕಟ್ಟಡ, ಸ್ಟುಡಿಯೋ ನೋಡಲಿಲ್ಲ. ಕಾರಿಡಾರಿನಲ್ಲಿ ಸಿಕ್ಕ ಎರಡನೇ ವರ್ಷದ ಮಕ್ಕಳನ್ನು ಅವಳು ಒಂದೇ ಪ್ರಶ್ನೆ ಕೇಳಿದಳು: ‘ಕಳೆದ ವಾರ ಎಷ್ಟು ಸಲ ಬೇರೆಯವರ ಜೊತೆ ನುಡಿಸಿದಿರಿ?’ ದೂರದ ಕಾಲೇಜಿನಲ್ಲಿ ಪ್ರತಿಭೆಗೆ ಏನೂ ಕೊರತೆಯಿರಲಿಲ್ಲ, ಆದರೆ ಜನ ಜಾಸ್ತಿ, ಅಭ್ಯಾಸದ ಕೋಣೆಗೆ ಸರದಿ. ವೇನ್‌ನಲ್ಲಿ ಜನ ಕಮ್ಮಿ, ಎಲ್ಲರಿಗೂ ಎಲ್ಲರೂ ಗೊತ್ತು, ಮ್ಯಾನ್‌ಹಾಟನ್ನಿನ ಕ್ಲಬ್ಬುಗಳಿಗೆ ರಾತ್ರಿ ಹೋಗಿ ವಾಪಸ್ಸು ಬರುವಷ್ಟು ಹತ್ತಿರ.

ಅಷ್ಟಾದರೂ ದೊಡ್ಡ ಹೆಸರಿನ ಸೆಳೆತ ಬಿಡುತ್ತಿರಲಿಲ್ಲ, ಅವಳಿಗೂ, ನಿಜ ಹೇಳಬೇಕೆಂದರೆ ನನಗೂ. ಅದನ್ನು ಬಿಡಿಸಿದ್ದು ಒಂದು ಸಂಜೆ ನ್ಯೂಯಾರ್ಕಿನ ಕ್ಲಬ್ಬಿನಲ್ಲಿ ಕಾರ್ಯಕ್ರಮ ಮುಗಿಸಿ ಬೇಸ್ ವಾದ್ಯಕ್ಕೆ ಗವಸು ಹಾಕುತ್ತಿದ್ದ ಮಧ್ಯವಯಸ್ಸಿನ ಒಬ್ಬಾತ. ಮಗಳ ಪ್ರಶ್ನೆ ಕೇಳಿ ನಕ್ಕ. ಹೊಸದಾಗಿ ಊರಿಗೆ ಬಂದವರಿಗೆ ಮೊದಮೊದಲು ಸಿಗೋದೆಲ್ಲ ಕಮ್ಮಿ ದುಡ್ಡಿನ ಕೆಲಸ, ಆದರೆ ಕಲಿಯೋದು ಅಲ್ಲೇ, ಅಂದ. ಸಾಲ ಇಲ್ಲದವನು ಅದಕ್ಕೆ ಹೂಂ ಅನ್ನಬಹುದು. ಸಾಲ ಇದ್ದವನು ತಿಂಗಳ ಕಂತಿಗೆ ಬೇರೆ ನೌಕರಿ ಹಿಡಿಯುತ್ತಾನೆ, ಸಂಜೆ ಸುಸ್ತಾಗಿ ವಾದ್ಯದ ಪೆಟ್ಟಿಗೆ ತೆಗೆಯೋದೇ ಇಲ್ಲ. ಕಾರಿನಲ್ಲಿ ಮಗಳು ಬಹಳ ಹೊತ್ತು ಮಾತಾಡಲಿಲ್ಲ. ನಾನು ಇಷ್ಟು ದಿನ ಸಾಲವನ್ನು ನನ್ನ ತಲೆನೋವು ಅಂದುಕೊಂಡಿದ್ದೆ. ಅದು ಅವಳ ಸಂಗೀತದ ಲೆಕ್ಕ ಅಂತ ಆವತ್ತು ಇಬ್ಬರಿಗೂ ಅರ್ಥವಾಯಿತು.

ಹಾಗಂತ ದೊಡ್ಡ ಕಾಲೇಜು ದಂಡ ಅಂತಲ್ಲ. ರುದ್ರೇಶ್ ಮಹಾಂತಪ್ಪನವರನ್ನೇ ನೋಡಿ. ಕರ್ನಾಟಕ ಮೂಲದ ದಂಪತಿಯ ಮಗ, ಬೆಳೆದದ್ದು ಕೊಲರಾಡೊದಲ್ಲಿ, ಅಪ್ಪ ಭೌತಶಾಸ್ತ್ರದ ಪ್ರೊಫೆಸರ್. ನಾರ್ತ್ ಟೆಕ್ಸಾಸಿಗೆ ಸೇರಿ, ಅಲ್ಲಿಂದ ಬರ್ಕ್ಲಿಗೆ ಬಂದು, ಆಮೇಲೆ ಷಿಕಾಗೊದ ಡಿಪಾಲ್‌ನಲ್ಲಿ ಓದಿದವರು. ಬರ್ಕ್ಲಿಯಲ್ಲಿದ್ದಾಗ ಅಣ್ಣ ತಮಾಷೆಗೆ ಕೈಗಿಟ್ಟ ಒಂದು ಆಲ್ಬಮ್ ಅವರ ದಾರಿಯನ್ನು ಬದಲಿಸಿತು. ಅದು ನಮ್ಮ ಕದ್ರಿಯವರದ್ದು. 2008ರಲ್ಲಿ ಇಬ್ಬರೂ ಕೂಡಿ ನುಡಿಸಿದ ‘ಕಿನ್ಸ್‌ಮೆನ್’ ಹೊರಬಂತು. ಕಾಲೇಜು ಕೊಟ್ಟದ್ದು ಬಹಳವಿದ್ದೀತು, ಆದರೆ ಆ ತಿರುವು ಪಠ್ಯಕ್ರಮದ ಯಾವ ಪುಟದಲ್ಲೂ ಇರಲಿಲ್ಲ.

ಭೀಮಸೇನ ಜೋಶಿಯವರು ಹನ್ನೊಂದನೇ ವಯಸ್ಸಿಗೆ ಗುರುವನ್ನು ಹುಡುಕಿ ಮನೆಬಿಟ್ಟು ಗ್ವಾಲಿಯರ್, ಜಲಂಧರ ಅಂತ ಉತ್ತರವೆಲ್ಲ ಸುತ್ತಿದರು. ಕೊನೆಗೆ ಗುರು ಸಿಕ್ಕಿದ್ದು ಗದಗಿನ ಅವರ ಮನೆಯಿಂದ ಬಹಳ ದೂರವಿಲ್ಲದ ಕುಂದಗೋಳದಲ್ಲಿ. ಈ ಕಥೆ ಹೇಳಿದೆ. ಮಗಳು ‘ಅವರು ಸುತ್ತಿದ್ದೂ ವೇಸ್ಟ್ ಆಗ್ಲಿಲ್ಲ ಅಲ್ವಾ ಅಪ್ಪ?’ ಅಂದಳು. ಆಗಲಿಲ್ಲ, ನಿಜ. ಹತ್ತಿರದ್ದೇ ಸರಿ ಅಂತ ಸಾಧಿಸಲು ಹೊರಟಿದ್ದ ನಾನು ಬಾಯಿ ಮುಚ್ಚಿಕೊಂಡೆ.

ಏಪ್ರಿಲ್ ಕೊನೆಯ ವಾರ ಅವಳೇ ವೇನ್‌ಗೆ ಹೂಂ ಅಂದಳು. ಸುತ್ತಾಟಕ್ಕೆ ಮುಂದೆ ಮಾಸ್ಟರ್ಸ್ ಇದೆಯಂತೆ. ಈಗ ಯಾರಾದರೂ ಅಪ್ಪ ಅಮ್ಮ ನನ್ನನ್ನು ಕೇಳಿದರೆ ಮೂರು ಮಾತು ಹೇಳುತ್ತೇನೆ. ಮೇಷ್ಟ್ರ ಹತ್ತಿರ ಒಂದು ಪಾಠ ಮೊದಲೇ ತೆಗೆದುಕೊಳ್ಳಿ. ಮಕ್ಕಳು ಅಲ್ಲಿಯ ಮಕ್ಕಳ ಜೊತೆ ಒಂದು ಸಲ ನುಡಿಸಲಿ. ಕೊನೆಯದು, ಸಾಲದ ಕಂತನ್ನು ಮಗುವಿನ ಎದುರೇ ಲೆಕ್ಕ ಹಾಕಿ, ಮರೆಮಾಚಬೇಡಿ. ಆಮೇಲೆ ಅವರೇ ಆರಿಸಿಕೊಳ್ಳಲಿ. ನಾಲ್ಕು ವರ್ಷ ಬೆಳಗಾಗೆದ್ದು ಅಭ್ಯಾಸದ ಕೋಣೆಗೆ ಹೋಗೋರು ಅವರು, ನಾವಲ್ಲ.