ಮೂರು ತಿಂಗಳು ಲಾರಿ ಬಾರದಿದ್ದರೆ

ಚುಂಚನಕಟ್ಟೆಯಲ್ಲಿ ಕಾವೇರಿ ಕವಲೊಡೆದು ಧುಮುಕುವ ಸದ್ದಿನ ನಡುವೆಯೂ ಮನಸ್ಸಿನಲ್ಲಿ ಒಂದೇ ಪ್ರಶ್ನೆ. ಲಾರಿಗಳು ನಿಂತು, ಕರೆಂಟು ಹೋಗಿ, ಮೂರು ತಿಂಗಳು ಹೊರಗಿನಿಂದ ಏನೂ ಬಾರದಿದ್ದರೆ ಈ ಸೀಮೆ ಬದುಕೀತೇ? ಕೆ.ಆರ್. ನಗರ, ಹುಣಸೂರು, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಸುತ್ತಲು ಹೊರಟದ್ದು ಅದಕ್ಕೇ.

ಮೊದಲ ಉತ್ತರ ನಾಲೆಯಲ್ಲೇ ಹರಿಯುತ್ತಿತ್ತು. ಮಿರ್ಲೆ, ರಾಮಸಮುದ್ರ, ಚಾಮರಾಜ ನಾಲೆಗಳ ನೀರು ಇಳಿಜಾರು ಹಿಡಿದು ತಾನಾಗಿ ಗದ್ದೆ ಸೇರುತ್ತದೆ. ಮೋಟಾರು ಬೇಡ, ಡೀಸೆಲ್ ಬೇಡ. ಕಣ್ಣು ಹರಿದಷ್ಟೂ ಭತ್ತ. ಆದರೆ ಹೊಳೆ ಮುನಿಯುವುದೂ ಉಂಟು. ಹಳೆಯ ಎಡತೊರೆಗೆ ಪ್ರವಾಹದ ಕಾಟವಿದ್ದದ್ದರಿಂದಲೇ ದಂಡೆಯಿಂದ ದೂರ ಹೊಸ ಪಟ್ಟಣ ಕಟ್ಟಿ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರಿಟ್ಟರು. ಅದೇ ಇಂದಿನ ಕೆ.ಆರ್. ನಗರ. ಊರಿಗೆ ಊರನ್ನೇ ಸರಿಸಿದ ಆ ಮುಂದಾಲೋಚನೆಗೆ ಬೆರಗಾದೆ.

ಹುಣಸೂರಿನತ್ತ ತಿರುಗಿದರೆ ಹೊಗೆಸೊಪ್ಪಿನ ಹೊಲಗಳು, ಅದನ್ನು ಹದಮಾಡುವ ಬ್ಯಾರನ್‌ಗಳು, ಪಕ್ಕದಲ್ಲಿ ಸೌದೆಯ ರಾಶಿ. ದುಡ್ಡು ತರುವ ಬೆಳೆ, ನಿಜ. ಹರಾಜು ನಿಂತ ದಿನ ಅದನ್ನು ಬೇಯಿಸಿ ತಿನ್ನಲಾಗದು. ನನಗೆ ಅಂಜಿಕೆಯಾದದ್ದು ಇಲ್ಲೇ.

ಅಲ್ಲೇ ಒಂದು ಹಳ್ಳಿಯಲ್ಲಿ ಹಿರಿಯರೊಬ್ಬರು ಹಗೇವು ತೋರಿಸಿದರು. ಬಾಯಿ ಕಿರಿದು, ಒಡಲು ಹಿರಿದು. ನೆಲ ಅಗೆದು, ಒಳಗೆ ಹುಲ್ಲು ಹೊದಿಸಿ, ರಾಗಿ ಸುರಿದು, ಚಪ್ಪಡಿ ಎಳೆದು ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹುಳು ಬೀಳದು. "ತೆಗೆದ ಕೂಡ್ಲೆ ಇಳೀಬಾರ್ದು ಸ್ವಾಮಿ. ಮೊದ್ಲು ದೀಪ ಇಳಿಬಿಟ್ಟು ನೋಡ್ಬೇಕು. ದೀಪ ಆರಿದ್ರೆ ಆಳೂ ಆರ್ತಾನೆ" ಎಂದರು. ಮುಚ್ಚಿದ ಗುಂಡಿಯಲ್ಲಿ ಧಾನ್ಯವೂ ಉಸಿರಾಡುತ್ತದೆ, ಪ್ರಾಣವಾಯು ಮುಗಿಯುತ್ತದೆ, ಹುಳು ಬದುಕದಿರುವುದೂ ಅದರಿಂದಲೇ. 1876ರಲ್ಲಿ, ಧಾತು ಸಂವತ್ಸರದಲ್ಲಿ, ಶುರುವಾದ ಬರ ಮೈಸೂರು ಸಂಸ್ಥಾನದಲ್ಲಿ ಸುಮಾರು 10 ಲಕ್ಷ ಜನರನ್ನು ನುಂಗಿತು. ಅದನ್ನು ಕಂಡ ನಾಡಿಗೆ ನೆಲದಡಿಯ ರಾಗಿಯೆಂದರೆ ಜೀವ. ಈ ಹಗೇವು ಮಾತ್ರ ಈಗ ಬರಿದಾಗಿತ್ತು.

ಪಿರಿಯಾಪಟ್ಟಣದ ಬೈಲಕುಪ್ಪೆಯಲ್ಲಿ ಬೆರಗು ಇನ್ನೊಂದು ಬಗೆಯದು. 1960ರ ಸುಮಾರಿಗೆ ಟಿಬೆಟ್ ತೊರೆದು ಬಂದವರಿಗೆ ಮೈಸೂರು ಸರ್ಕಾರ ಇಲ್ಲಿ ಸುಮಾರು 3,000 ಎಕರೆ ಕೊಟ್ಟಿತು. ಚಳಿನಾಡಿನ ಜನ ಕಾಡು ಕಡಿದು, ಆನೆಗಳಿಗೆ ಕಾವಲು ಕೂತು, ಮುಸುಕಿನ ಜೋಳ ಬೆಳೆದು, ಸಹಕಾರ ಸಂಘ ಕಟ್ಟಿ ನೆಲೆನಿಂತರು. ಎಲ್ಲ ಕಳೆದುಕೊಂಡವರನ್ನೂ ಸಾಕಿದ ನೆಲವಿದು.

ಎಚ್.ಡಿ. ಕೋಟೆಯಲ್ಲಿ ಇರಬೇಕೆಂದರೆ ವಯನಾಡಿನ ಮುಗಿಲನ್ನೂ ಗಮನಿಸುತ್ತಿರಬೇಕು. ಅಲ್ಲಿ ಸುರಿದದ್ದೇ ಇಲ್ಲಿ ಕಬಿನಿ. 2018, 2019ರ ಮಳೆಗಾಲದಲ್ಲಿ ಅಣೆಕಟ್ಟಿನಿಂದ ಬಿಟ್ಟ ನೀರು ಕೆಳಗೆ ನಂಜನಗೂಡಿನವರೆಗೂ ನುಗ್ಗಿತ್ತು.

ಕಾಡಂಚಿನ ಜೇನುಕುರುಬರ ಹಾಡಿಯೊಂದರಲ್ಲಿ ಅಜ್ಜಿಯೊಬ್ಬರು ಒಣಗಿದ ಬಳ್ಳಿಯ ಜಾಡು ಹಿಡಿದು ಗುದ್ದಲಿ ಹಾಕಿ ನೂರೆ ಗೆಣಸು ಕಿತ್ತರು. ತುದಿಯ ತುಂಡನ್ನು ಬಳ್ಳಿಯ ಸಮೇತ ಗುಂಡಿಗೇ ಮರಳಿಸಿ ಮಣ್ಣೆಳೆದರು. "ಮುಂದಿನ ವರ್ಷಕ್ಕೆ ಬೇಡ್ವಾ ಮಗಾ?" ಬಿತ್ತದೆ, ನೀರೂಡದೆ ಸಿಕ್ಕ ಊಟ! ನಾಲ್ಕು ತಾಲ್ಲೂಕಿನಲ್ಲಿ ನಾನು ಕಂಡ ಅತ್ಯಂತ ಭದ್ರವಾದ ಕಣಜ ಅದು. ಅದರ ಬೀಗದ ಕೈ ಇರುವುದು ಇವರ ನೆನಪಿನಲ್ಲಿ. ಅಂಥವರನ್ನೇ ನಾಗರಹೊಳೆಯ ಒಳಗಿನಿಂದ ಎಬ್ಬಿಸಿ ಹೊರಗಿಟ್ಟಿದ್ದೇವೆ. 2006ರ ಅರಣ್ಯ ಹಕ್ಕು ಕಾಯ್ದೆ ಕಿರು ಅರಣ್ಯ ಉತ್ಪನ್ನಗಳ ಮೇಲೆ ಹಕ್ಕು ಕೊಟ್ಟಿದೆ. ಆ ಹಕ್ಕುಪತ್ರಗಳು ಹಾಡಿಗಳ ಕೈಗೆ ಬೇಗ ಬರಬೇಕು. ಗೆಣಸಿನ ಜಾಡು ಬಲ್ಲ ಅಜ್ಜಿಯರು ಇರುವಾಗಲೇ, ಮೊಮ್ಮಕ್ಕಳು ಅವರ ಜೊತೆ ಕಾಡಿಗೆ ಹೋಗುವಂತಾಗಬೇಕು.