ಮಂಜಲ್‌ಪುರದಲ್ಲಿ ಎರಡು ‘ನಾವು’

ಕನ್ನಡಿಗರ ಕಿವಿಗೆ ಮಂಜಲ್‌ಪುರವೆಂಬ ಹೆಸರು ತಂಪಾಗಿ ಕೇಳಿಸುವುದು ಸಹಜವೇ ಸರಿ. ಮಂಜು ಬೀಳುವ ಊರಿರಬೇಕೆಂದು ನೆಂಟರೊಬ್ಬರು ಕಂಬಳಿಯನ್ನೂ ಕಟ್ಟಿಕೊಂಡು ಬಂದದ್ದುಂಟು. ಮೇ ತಿಂಗಳಲ್ಲಿ ಇಲ್ಲಿ ಬಂದಿಳಿದ ಮೇಲೆ ಆ ಕಂಬಳಿಯ ಗತಿ ಏನಾಯಿತೆಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ವಡೋದರಾ ನಗರದ ದಕ್ಷಿಣದ ಬಡಾವಣೆ ಇದು. ಇನ್ನೂ ಮುಂದೆ ನಡೆದರೆ ಮಕರಪುರ. ಅಲ್ಲಿ ಗಾಯಕವಾಡರ ಹಳೆಯ ಅರಮನೆಯೂ ಉಂಟು, ಹೊಸ ಕಾಲದ ಕಾರ್ಖಾನೆಗಳೂ ಉಂಟು. ನಮ್ಮ ಹಿರಿಯರು ‘ಬಡೋದೆ’ ಎನ್ನುತ್ತಿದ್ದ ಈ ನಗರಕ್ಕೆ ೧೯೬೨ರಲ್ಲಿ ರಸಗೊಬ್ಬರದ ಕಂಪನಿ ಬಂತು. ೧೯೬೫ರಲ್ಲಿ ಕೋಯಲಿಯ ತೈಲ ಶುದ್ಧಿಯ ಕಾರ್ಖಾನೆ ನಡೆಯತೊಡಗಿತು. ಅಂದಿನಿಂದ ದೇಶದ ನಾಲ್ಕೂ ದಿಕ್ಕಿನವರು ಹೊಟ್ಟೆಪಾಡಿಗಾಗಿ ಇಲ್ಲಿಗೆ ಬರುತ್ತಲೇ ಇದ್ದಾರೆ. ಆ ಸಾಲಿನಲ್ಲಿ ನಾವೂ ಇದ್ದೇವೆ.

ಹೊರಗಿನಿಂದ ಬಂದವನಿಗೆ ಮೊದಮೊದಲು ಗುಜರಾತಿ ಎಂಬುದು ಒಂದೇ ಒಂದು ಭಾಷೆಯಾಗಿ ಕೇಳಿಸುತ್ತದೆ. ವರ್ಷ ಒಂದೆರಡು ಕಳೆದ ಮೇಲೆ ಕಿವಿ ತೆರೆಯುತ್ತದೆ. ಸೂರತದ ಕಡೆಯ ಮಂದಿ ‘ಸ’ಕಾರವನ್ನು ‘ಹ’ಕಾರ ಮಾಡಿ, ತಮ್ಮ ಊರನ್ನೇ ‘ಹೂರತ್’ ಎಂದು ಕರೆದುಕೊಳ್ಳುತ್ತಾರೆ. ಮೆಹಸಾಣೆಯ ಕಡೆಯ ಹಳ್ಳಿಗರ ಬಾಯಲ್ಲಿ ‘ಕೇಮ್’ ಎಂಬುದು ‘ಚ್ಯಮ್’ ಆಗುತ್ತದೆ. ಕಾಠಿಯಾವಾಡದವರ ರಾಗವೇ ಬೇರೆ. ಇವರು ಒಬ್ಬರನ್ನೊಬ್ಬರು ಅಣಕಿಸಿ ನಗುವುದನ್ನು ಕಂಡಾಗ ನನಗೆ ಒಳಗೊಳಗೇ ಸಮಾಧಾನವಾಗುತ್ತದೆ. ನಮ್ಮಲ್ಲಿಯೂ ಹಳಗನ್ನಡದ ‘ಪಾಲು’ ‘ಹಾಲು’ ಆಯಿತು. ಮೈಸೂರು ಸೀಮೆಯ ಹಳ್ಳಿಗಳಲ್ಲಿ ಅದೇ ಹಾಲು ‘ಆಲು’ ಆಯಿತು. ಪೇಟೆಯವರು ಅದನ್ನು ಕೇಳಿ ನಕ್ಕರು. ನಗುವವರೂ ನಗಿಸಿಕೊಳ್ಳುವವರೂ ಇಲ್ಲದ ಭಾಷೆ ಭೂಮಿಯ ಮೇಲೆ ಇದ್ದಂತಿಲ್ಲ.

ಈ ಭಾಷೆಯನ್ನು ಕಲಿಯಹೊರಟ ಕನ್ನಡಿಗನ ಪಾಡು ಬೇರೆ. ನಮಗೆ ಪ್ರಾಣವಿಲ್ಲದ ವಸ್ತುಗಳೆಲ್ಲ ನಪುಂಸಕಲಿಂಗ, ಸುಖವಾಗಿದ್ದೇವೆ. ಇಲ್ಲಿ ಹಾಗಲ್ಲ. ತೆಳ್ಳಗೆ ಲಟ್ಟಿಸಿದ ‘ರೋಟಲೀ’ ಹೆಣ್ಣು. ದಪ್ಪಗೆ ತಟ್ಟಿದ ‘ರೋಟಲೋ’ ಗಂಡು! ತಟ್ಟೆಯಲ್ಲಿರುವುದನ್ನು ತಿನ್ನುವುದಕ್ಕೆ ಮುಂಚೆ ಅದರ ಲಿಂಗವನ್ನು ವಿಚಾರಿಸಬೇಕಾದ ಪ್ರಸಂಗ. ಆದರೆ ಒಂದು ಅಕ್ಷರ ನಮ್ಮ ಮಾನವನ್ನು ಕಾಯುತ್ತದೆ, ಅದೇ ‘ಳ’ಕಾರ. ಹಿಂದಿಯವರ ‘ಫಲ’ ಇಲ್ಲಿ ‘ಫಳ’. ಅವರ ‘ಗುಡ್’ ಇಲ್ಲಿ ‘ಗೋಳ’, ಅಂದರೆ ಬೆಲ್ಲ. ಉತ್ತರದಿಂದ ಬಂದವರು ಈ ಅಕ್ಷರದ ಮುಂದೆ ತಡವರಿಸುವಾಗ ನಾವು ಲೀಲೆಯಿಂದ ನುಡಿಯುತ್ತೇವೆ. ಅಂಗಡಿಯವನು ಒಂದು ಕ್ಷಣ ನಮ್ಮನ್ನು ತನ್ನವರೆಂದೇ ತಿಳಿಯುತ್ತಾನೆ. ಮರುಕ್ಷಣದಲ್ಲಿ ‘ಬಸ್’ ಎನ್ನುವ ಕಡೆ ‘ಬಸ್ಸು’ ಎಂದುಬಿಡುತ್ತೇವೆ, ಗುಟ್ಟು ರಟ್ಟಾಗುತ್ತದೆ.

ಗುಜರಾತಿಯಲ್ಲಿ ‘ನಾವು’ ಎಂಬುದಕ್ಕೆ ಎರಡು ಮಾತುಗಳಿವೆ. ‘ಅಮೇ’ ಎಂದರೆ ನಾವು, ನೀವು ಅದರಲ್ಲಿ ಸೇರಿಲ್ಲ. ‘ಆಪಣೆ’ ಎಂದರೆ ನಾವು, ನೀವೂ ಸೇರಿದಂತೆ. ಮಂಗಳೂರಿನ ಕಡೆಯಿಂದ ಬಂದವರಿಗೆ ಇದು ಹೊಸದೇನಲ್ಲ. ತುಳುವಿನಲ್ಲಿ ‘ಎಂಕುಲು’, ‘ನಮ’ ಎಂದು ಇದೇ ಬಗೆಯ ಭೇದವುಂಟು. ನಮ್ಮ ಇಂದಿನ ಕನ್ನಡದ ‘ನಾವು’ ಮಾತ್ರ ಎರಡು ಕೆಲಸವನ್ನೂ ಒಂದೇ ಮಾತಿನಿಂದ ಮಾಡುತ್ತದೆ; ಯಾರನ್ನು ಒಳಗಿಟ್ಟೆವು, ಯಾರನ್ನು ಹೊರಗಿಟ್ಟೆವು ಎಂಬುದನ್ನು ಕೇಳುವವನ ಊಹೆಗೇ ಬಿಟ್ಟುಬಿಡುತ್ತದೆ. ಗುಜರಾತಿಯಲ್ಲಿ ಆ ಸಂದಿಗ್ಧವಿಲ್ಲ. ನೆರೆಯವರು ನವರಾತ್ರಿಯ ಗರಬಾ ವಿಷಯವಾಗಿ ಮಾತನಾಡುವಾಗ ‘ಅಮೇ’ ಎಂದರೋ ‘ಆಪಣೆ’ ಎಂದರೋ ಎಂಬುದರ ಮೇಲೆ, ಆ ದಿನ ನಾನು ನೆರೆಯವನೋ ಪರಸ್ಥಳದವನೋ ಎಂಬುದು ಗೊತ್ತಾಗುತ್ತದೆ. ಅವರಿಗೆ ಅದರ ಅರಿವು ಇರಲಾರದು. ಕಾಯುತ್ತ ಕುಳಿತ ಕಿವಿಗೆ ಮಾತ್ರ ಅದು ಕೇಳಿಸುತ್ತದೆ.

ಇದನ್ನು ದೂರಾಗಿ ಹೇಳುತ್ತಿಲ್ಲ. ಉಚ್ಚಾರವನ್ನು ಒರೆಗಲ್ಲು ಮಾಡಿ ಮನುಷ್ಯನನ್ನು ತಿಕ್ಕಿ ನೋಡುವ ಅಭ್ಯಾಸ ಬಹು ಹಳೆಯದು. ಬೈಬಲಿನಲ್ಲಿ ಒಂದು ಕಥೆ ಬರುತ್ತದೆ. ಯೊರ್ದಾನ್ ನದಿಯ ಹಾಯ್ಗಡದಲ್ಲಿ ಕಾವಲು ನಿಂತವರು, ದಾಟಬಂದವರಿಂದ ‘ಷಿಬ್ಬೋಲೆತ್’ ಎಂಬ ಮಾತನ್ನು ಹೇಳಿಸಿದರಂತೆ. ‘ಷ’ಕಾರ ಹೊರಡದೆ ‘ಸಿಬ್ಬೋಲೆತ್’ ಎಂದವರು ಶತ್ರುಗಳೆಂದು ಅಲ್ಲಿಯೇ ಕೊಂದರಂತೆ. ನಮ್ಮ ಕಾಲದ ಪರೀಕ್ಷೆ ಅಷ್ಟು ಕ್ರೂರವಲ್ಲ. ‘ನೀವು ಮದ್ರಾಸಿಗಳೇ?’ ಎಂದು ಕೇಳುತ್ತಾರೆ. ಅಲ್ಲ, ಕರ್ನಾಟಕದವರು ಎಂದರೆ, ‘ಅದೇ ಆಯಿತಲ್ಲ’ ಎನ್ನುತ್ತಾರೆ. ಬಾಡಿಗೆಯ ಮನೆಯನ್ನು ಹುಡುಕುವಾಗ ಮಾತ್ರ ಪ್ರಶ್ನೆಗಳು ಮೊನಚಾಗುತ್ತವೆ. ಕರಾವಳಿಯ ಸ್ನೇಹಿತರೊಬ್ಬರಿಗೆ ಮೀನಿನ ವಾಸನೆಯ ಭಯದಿಂದಲೇ ಮೂರು ಮನೆಗಳು ತಪ್ಪಿದುವು. ಅವರಿನ್ನೂ ಒಲೆಯನ್ನೇ ಹೂಡಿರಲಿಲ್ಲ!

ಆದರೆ ಇದೇ ಊರಿನಲ್ಲಿ ನಡೆದ ಇನ್ನೊಂದು ಸಂಗತಿಯ ಮುಂದೆ ನಮ್ಮ ಕಷ್ಟ ಕಷ್ಟವೇ ಅಲ್ಲ. ೧೯೧೭ರಲ್ಲಿ ಡಾಕ್ಟರ್ ಅಂಬೇಡ್ಕರರು ಬಡೋದೆ ಸಂಸ್ಥಾನದ ನೌಕರಿಗೆಂದು ಇಲ್ಲಿಗೆ ಬಂದರು. ಅಮೆರಿಕದಲ್ಲಿ ಓದುವುದಕ್ಕೆ ಮಹಾರಾಜ ಸಯಾಜಿರಾವ್ ಗಾಯಕವಾಡರೇ ಅವರಿಗೆ ವೇತನ ಕೊಟ್ಟಿದ್ದರು. ಅವರ ಮನೆಮಾತು ಮರಾಠಿ. ಇಲ್ಲಿಯ ಅರಸುಮನೆತನದ ಮಾತೂ ಮರಾಠಿಯೇ. ನಾಲಗೆಯಿಂದ ಅವರು ಪರಕೀಯರಾಗಿರಲಿಲ್ಲ. ಆದರೂ ಜಾತಿಯ ಕಾರಣದಿಂದ ಊರಿನಲ್ಲಿ ಒಂದು ಕೋಣೆ ಸಿಕ್ಕಲಿಲ್ಲ. ಪಾರಸಿಗಳ ವಸತಿಗೃಹವೊಂದರಲ್ಲಿ ತಂಗಿದ್ದರೆ, ಅಲ್ಲಿಂದಲೂ ಹೊರಡಿಸಿದರು. ಅವರು ಹೋಗಿ ಕುಳಿತ ಉದ್ಯಾನವನ್ನು ಈಗ ಸಯಾಜಿಬಾಗ್ ಎನ್ನುತ್ತಾರೆ. ಅದೇ ಅಂಬೇಡ್ಕರರ ಅಧ್ಯಕ್ಷತೆಯಲ್ಲಿ ಕರಡಾದ ಸಂವಿಧಾನ ೧೯೫೦ರಲ್ಲಿ ಜಾರಿಗೆ ಬಂತು. ಭಾರತದಲ್ಲಿ ಪ್ರಾಂತ್ಯಕ್ಕೊಂದು ಪೌರತ್ವವಿಲ್ಲ, ಎಲ್ಲರಿಗೂ ಇರುವುದು ಒಂದೇ; ಹತ್ತೊಂಬತ್ತನೆಯ ಅನುಚ್ಛೇದದಂತೆ ದೇಶದ ಯಾವ ಭಾಗದಲ್ಲಾದರೂ ಹೋಗಿ ನೆಲಸುವ ಹಕ್ಕು ಪ್ರತಿಯೊಬ್ಬ ಪ್ರಜೆಗೂ ಉಂಟು. ಕಾಯಿದೆಯ ಭಾಷೆಯಲ್ಲಿ ಹೇಳುವುದಾದರೆ ನಾವೆಲ್ಲರೂ ‘ಆಪಣೆ’. ಬೀದಿಯ ಭಾಷೆ ಇನ್ನೂ ಅಲ್ಲಿಗೆ ಮುಟ್ಟಬೇಕಾಗಿದೆ.

ನಾವು ಇಲ್ಲಿಗೆ ತೀರ ಹೊಸಬರೇ ಎಂದು ಕೇಳಿದರೆ, ಚರಿತ್ರೆ ಬೇರೆಯೇ ಹೇಳುತ್ತದೆ. ೧೯೪೯ರ ಮೇ ೧ರಂದು ಬಡೋದೆ ಸಂಸ್ಥಾನವು ಮುಂಬಯಿ ಪ್ರಾಂತ್ಯದಲ್ಲಿ ವಿಲೀನವಾಯಿತು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರಗಳೂ ಆಗ ಅದೇ ಪ್ರಾಂತ್ಯದಲ್ಲಿದ್ದುವು. ೧೯೫೬ರ ನವೆಂಬರ್ ೧ರಂದು ನಮ್ಮ ಕಡೆಯವು ಮೈಸೂರು ರಾಜ್ಯಕ್ಕೆ ಸೇರಿದುವು. ೧೯೬೦ರ ಮೇ ೧ರಂದು ಗುಜರಾತ ಬೇರೆ ರಾಜ್ಯವಾಯಿತು. ನಡುವಣ ಏಳು ವರ್ಷಕ್ಕೂ ಮಿಕ್ಕಿ ಧಾರವಾಡವೂ ವಡೋದರವೂ ಒಂದೇ ಸರ್ಕಾರದ ಕೆಳಗೆ ಬಾಳಿದ್ದುಂಟು.

ಇನ್ನೂ ಹಿಂದಕ್ಕೆ ಹೋಗೋಣ. ವಡೋದರದ ಹೆಸರು ಕಾಣುವ ಬಹು ಹಳೆಯ ದಾಖಲೆ ಕ್ರಿ. ಶ. ೮೧೨ರ ಒಂದು ತಾಮ್ರಶಾಸನ. ಅಂಕೋಟ್ಟಕದ ಎಂಬತ್ತನಾಲ್ಕು ಹಳ್ಳಿಗಳಲ್ಲಿ ಒಂದಾದ ವಟಪದ್ರಕವನ್ನು ದಾನ ಕೊಟ್ಟ ಸಂಗತಿ ಅದರಲ್ಲಿದೆ. ಆ ಅಂಕೋಟ್ಟಕವೇ ಈಗಿನ ಅಕೋಟಾ. ಆಲದ ಮರದ ಆ ಹಳ್ಳಿಯೇ ಈ ಮಹಾನಗರ. ದಾನ ಕೊಟ್ಟವನು ಯಾರು? ರಾಷ್ಟ್ರಕೂಟರ ಕರ್ಕ ಸುವರ್ಣವರ್ಷ, ಮುಮ್ಮಡಿ ಗೋವಿಂದನ ತಮ್ಮನ ಮಗ. ನಮ್ಮ ಮಳಖೇಡದ ಮನೆತನದವನು. ಗುಜರಾತಿನಲ್ಲಿ ಆತ ಹೊರಡಿಸಿದ ಶಾಸನಗಳ ಒಕ್ಕಣೆ ಸಂಸ್ಕೃತದಲ್ಲಿದೆ. ಲಿಪಿ ಉತ್ತರದ ಪದ್ಧತಿಯದು. ಆದರೆ ನವಸಾರಿಯ ಶಾಸನದಲ್ಲಿ ಅರಸನ ರುಜು ಮಾತ್ರ ದಕ್ಷಿಣದ ಲಿಪಿಯಲ್ಲಿ, ಕನ್ನಡ ಅಕ್ಷರಗಳ ಪೂರ್ವರೂಪದಲ್ಲಿ ಇದೆ ಎಂಬುದನ್ನು ಇತಿಹಾಸಕಾರ ಅಳ್ತೇಕರರು ಎತ್ತಿ ತೋರಿಸಿದರು.

ದಿನಬೆಳಗಾದರೆ ಕಚೇರಿಯಲ್ಲಿ ರುಜುಗಳ ನಡುವೆಯೇ ಬಾಳುವ ನನ್ನಂಥ ಗುಮಾಸ್ತನಿಗೆ ಈ ಸಂಗತಿ ಬಹಳ ಹಿಡಿಸಿತು. ಒಕ್ಕಣೆ ಊರಿನ ಪದ್ಧತಿಯಂತೆ, ಊರಿನವರಿಗೆ ತಿಳಿಯುವಂತೆ. ರುಜು ತನ್ನ ಕೈಯದು. ಅದರಿಂದ ದಾನವೇನೂ ಅಸಿಂಧುವಾಗಲಿಲ್ಲ. ನಾಲಗೆಯಲ್ಲಿ ಉಳಿದುಕೊಳ್ಳುವ ತೌರಿನ ರಾಗವೂ ಇಂಥದೇ ಒಂದು ರುಜು. ಗುಜರಾತಿಯನ್ನು ಕಲಿಯುವುದು ನಮ್ಮ ಕರ್ತವ್ಯ. ನೆಲದ ಉಪ್ಪನ್ನು ತಿಂದವರು ನೆಲದ ಮಾತನ್ನು ಆಡಬೇಡವೇ? ಆದರೆ ರುಜುವನ್ನೂ ಅಳಿಸಿಬಿಡಬೇಕೆಂದು ಯಾರೂ ಕೇಳಕೂಡದು.

ಈ ನ್ಯಾಯವನ್ನು ನಾವು ನಮ್ಮ ಮಕ್ಕಳಿಗೆ ಕೊಡುತ್ತಿದ್ದೇವೆಯೇ? ನನ್ನ ಚಿಂತೆಯೆಲ್ಲ ಇದೇ. ರಜೆಯಲ್ಲಿ ಮೈಸೂರಿನ ರೈಲನ್ನು ಹತ್ತಿ ನಾವು ಊರಿಗೆ ಹೋಗುತ್ತೇವೆ. ಸೂರತ, ಪುಣೆ, ಮೀರಜ, ಬೆಳಗಾವಿ ದಾಟಿ ಧಾರವಾಡವನ್ನು ಸೇರುವ ಹೊತ್ತಿಗೆ ನಿಲ್ದಾಣದ ಕೂಗುಗಳೆಲ್ಲ ಬದಲಾಗಿರುತ್ತವೆ. ಬದಲಾಗದೆ ಇರುವುದು ‘ಚಾ’ ಒಂದೇ. ಕಳೆದ ಬೇಸಗೆಯಲ್ಲಿ ನನ್ನ ಎಂಟು ವರ್ಷದ ಮಗಳು ಊರಿನಲ್ಲಿ ‘ನೀರು ಕೋಡು’ ಎಂದಳು. ಗುಜರಾತಿಯಲ್ಲಿ ‘ಒ’ಕಾರ ‘ಓ’ಕಾರಗಳಿಗೆ ನಮ್ಮಲ್ಲಿರುವಂತೆ ಹ್ರಸ್ವ ದೀರ್ಘದ ಭೇದವಿಲ್ಲ, ಅವಳ ಕಿವಿ ಪಳಗಿರುವುದು ಅದಕ್ಕೆ. ಓರಗೆಯ ಮಕ್ಕಳು ತಲೆಯ ಮೇಲೆ ಎರಡು ಬೆರಳಿಟ್ಟು ಕೋಡು ಮಾಡಿ ಕುಣಿದರು; ‘ಗುಜರಾತಿ ಬಂದಾಳ’ ಎಂದರು. ದೊಡ್ಡವರೂ ನಕ್ಕರು. ಮಗು ಅಳಲಿಲ್ಲ. ಅಂದಿನಿಂದ ರಜೆ ಮುಗಿಯುವವರೆಗೆ ಹಿಂದಿಯಲ್ಲಿಯೇ ಮಾತನಾಡಿದಳು. ಮಂಜಲ್‌ಪುರದ ಶಾಲೆಯಲ್ಲಿ ಅವಳು ‘ಮದ್ರಾಸಿ’. ಅಜ್ಜಿಯ ಮನೆಯಲ್ಲಿ ‘ಗುಜರಾತಿ’. ನಮಗಾದರೂ ಹಿಂತಿರುಗಿ ಹೋಗುವುದಕ್ಕೆ ಒಂದು ಊರುಂಟು. ಈ ಮಕ್ಕಳಿಗೆ ಯಾವ ಊರು?

ಭಾಷೆ ಸಾಯುವುದು ತಪ್ಪಾಗಿ ಆಡುವವರಿಂದಲ್ಲ. ತಪ್ಪಾದೀತೆಂದು ಹೆದರಿ ಬಾಯಿ ಮುಚ್ಚುವವರಿಂದ. ಕರ್ಕನ ನೆರವಿನಿಂದ ಪಟ್ಟವನ್ನು ಉಳಿಸಿಕೊಂಡ ಅಮೋಘವರ್ಷ ನೃಪತುಂಗನ ಆಸ್ಥಾನದಲ್ಲಿಯೇ ‘ಕವಿರಾಜಮಾರ್ಗ’ ಹುಟ್ಟಿತು. ನಮಗೆ ದೊರೆತಿರುವ ಕನ್ನಡ ಗ್ರಂಥಗಳಲ್ಲಿ ಮೊದಲನೆಯದಾದ ಅದು, ತಿರುಳ್ಗನ್ನಡದ ನಾಡನ್ನು ಗುರುತಿಸುತ್ತದೆ, ನಿಜ. ಆದರೆ ಕನ್ನಡವನ್ನು ಬಹುವಚನದಲ್ಲಿ ‘ಕನ್ನಡಗಳು’ ಎಂದು ಹೇಳಿ, ಸೀಮೆ ಸೀಮೆಗೆ ಬೇರೆಯಾದ ಅವುಗಳ ದೋಷಗಳನ್ನು ಎಣಿಸಹೊರಟರೆ ವಾಸುಕಿಗೂ ಬೇಸರವಾದೀತು ಎಂದೂ ಒಪ್ಪಿಕೊಳ್ಳುತ್ತದೆ. ಅಷ್ಟು ದೊಡ್ಡ ಸರ್ಪಕ್ಕೆ ಆಗದ ಕೆಲಸವನ್ನು ನಾವು ಸಂಘದ ಸಭೆಯಲ್ಲಿ ಕೈಗೊಳ್ಳುವುದೇಕೆ?

ನಮ್ಮ ಕೂಟಗಳಲ್ಲಿ ಧಾರವಾಡದ ‘ಹೌದ್ರಿ’ ಉಂಟು, ಕುಂದಾಪುರದ ಕನ್ನಡ ಉಂಟು, ಬೀದರಿನದು ಉಂಟು, ಮೈಸೂರಿನದು ಉಂಟು. ಮನೆಯಲ್ಲಿ ತುಳುವನ್ನೋ ಕೊಂಕಣಿಯನ್ನೋ ಆಡಿ ಇಲ್ಲಿ ಕನ್ನಡಕ್ಕೆಂದು ಬರುವವರೂ ಉಂಟು. ಇವೆಲ್ಲದರ ಜೊತೆಗೆ ಈಗ ಮಂಜಲ್‌ಪುರದ ಕನ್ನಡವೆಂಬುದೂ ಒಂದು ಹುಟ್ಟಿದೆ. ಅದನ್ನು ಆಡುವವರು ಇನ್ನೂ ಚಿಕ್ಕವರು. ಬರುವ ರಾಜ್ಯೋತ್ಸವಕ್ಕೆ ಒಂದು ಸಣ್ಣ ನಿಯಮವನ್ನು ಮಾಡಿಕೊಂಡರೆ ಹೇಗೆ? ವೇದಿಕೆಯ ಮೇಲೆ ಮಗುವೊಂದು ಕನ್ನಡದಲ್ಲಿ ಮಾತನಾಡುತ್ತಿರುವಾಗ ಯಾರೂ ನಡುವೆ ತಿದ್ದಬಾರದು, ಯಾರೂ ನಗಬಾರದು. ತಿದ್ದುವುದಿದ್ದರೆ ಮನೆಯಲ್ಲಿ, ಊಟದ ಹೊತ್ತಿಗೆ, ಮೆಲ್ಲಗೆ ತಿದ್ದೋಣ. ನೆರೆಯವರು ನಮ್ಮನ್ನು ‘ಆಪಣೆ’ ಎನ್ನಲಿ ಎಂದು ಹಾರೈಸುವ ನಾವು, ನಮ್ಮ ‘ನಾವು’ ಎಂಬ ಮಾತಿನೊಳಗೆ ಈ ಮಕ್ಕಳಿಗೆ ಮೊದಲು ಜಾಗ ಮಾಡಿಕೊಡೋಣ.