ರಣಹದ್ದುಗಳ ನಾಡಿಗೆ ಗಾಲಿಮನೆಯ ಪಯಣ

ಕ್ಯಾರವಾನ್ ಎಂದೊಡನೆ ನಮ್ಮಲ್ಲಿ ಹಲವರಿಗೆ ಮರುಭೂಮಿಯಲ್ಲಿ ಸಾಲಾಗಿ ಸಾಗುವ ಒಂಟೆಗಳು ನೆನಪಾಗುತ್ತವೆ. ಬ್ರಿಟನ್ನಿನಲ್ಲಿ ಆ ಮಾತಿಗೆ ಬೇರೆಯೇ ಅರ್ಥ. ಅಲ್ಲಿ ಅದು ಕಾರಿನ ಹಿಂದೆ ಕೊಂಡಿ ಹಾಕಿ ಎಳೆದೊಯ್ಯುವ ಪುಟ್ಟ ಮನೆ. ಮಲಗಲು ಮಂಚ, ಗ್ಯಾಸ್ ಒಲೆ, ನೀರಿನ ತೊಟ್ಟಿ, ಮಡಚಿಡುವ ಮೇಜು ಎಲ್ಲವೂ ಅದರೊಳಗುಂಟು. ಈಸ್ಟರ್ ಹಬ್ಬದ ಹೊತ್ತಿಗೆ ಶಾಲೆಗಳಿಗೆ ಸುಮಾರು ಎರಡು ವಾರ ರಜೆ. ಇಂಗ್ಲೆಂಡಿನಲ್ಲಿ ಚಳಿ ಆಗಿನ್ನೂ ಪೂರ್ತಿ ಬಿಟ್ಟಿರುವುದಿಲ್ಲ. ಹಕ್ಕಿ ನೋಡುವ ಹುಚ್ಚಿರುವ ಕುಟುಂಬಗಳು, ನಿವೃತ್ತ ದಂಪತಿಗಳು ತಮ್ಮ ಗಾಲಿಮನೆಯನ್ನು ಪೋರ್ಟ್ಸ್‌ಮತ್ ಅಥವಾ ಪ್ಲಿಮತ್ ಬಂದರಿನಲ್ಲಿ ಹಡಗಿಗೆ ಏರಿಸಿ, ಬಿಸ್ಕೇ ಕೊಲ್ಲಿಯನ್ನು ದಾಟಿ, ಸ್ಪೇನಿನ ಸಾಂತಾಂದೆರ್‌ನಲ್ಲಿ ಇಳಿಯುತ್ತಾರೆ. ಅಲ್ಲಿಂದ ಸಾಲಮಾಂಕಾ ಮಾರ್ಗವಾಗಿ ದಕ್ಷಿಣಕ್ಕೆ ಸುಮಾರು 500 ಕಿಲೋಮೀಟರ್ ಸಾಗಿದರೆ ಎಕ್ಸ್‌ತ್ರೆಮದೂರ ಪ್ರಾಂತ ಸಿಗುತ್ತದೆ.

ಸ್ಪೇನಿನಲ್ಲಿ ವಾಹನಗಳು ರಸ್ತೆಯ ಬಲಗಡೆ ಓಡುತ್ತವೆ. ಬ್ರಿಟನ್ನಿನ ಗಾಲಿಮನೆಗಳಿಗೆ ಬಾಗಿಲಿರುವುದು ಎಡಗಡೆ. ಹಾಗಾಗಿ ದಾರಿಬದಿಯಲ್ಲಿ ಚಹಾ ಕಾಯಿಸಲೆಂದು ನಿಲ್ಲಿಸಿದರೆ ಬಾಗಿಲು ತೆರೆದುಕೊಳ್ಳುವುದು ಲಾರಿಗಳು ಓಡಾಡುವ ಕಡೆಗೆ! ಮಕ್ಕಳೊಂದಿಗೆ ಹೋಗುವವರು ಮೊದಲು ಕಲಿಯುವ ಪಾಠ ಇದೇ.

ಎಕ್ಸ್‌ತ್ರೆಮದೂರದ ವಿಸ್ತೀರ್ಣ ಸುಮಾರು 41,600 ಚದರ ಕಿಲೋಮೀಟರ್, ಅಂದರೆ ಕರ್ನಾಟಕದ ಐದನೆಯ ಒಂದು ಪಾಲಿಗಿಂತ ತುಸು ಹೆಚ್ಚು. ಜನಸಂಖ್ಯೆ ಹತ್ತು ಲಕ್ಷದ ಆಸುಪಾಸು. ಊರು ಬಿಟ್ಟರೆ ಗಂಟೆಗಟ್ಟಲೆ ‘ದೆಹೇಸ’ ಎಂಬ ತೋಪುಗಳೇ ಕಾಣುತ್ತವೆ. ದೆಹೇಸ ಪೂರ್ತಿ ಕಾಡೂ ಅಲ್ಲ, ಹೊಲವೂ ಅಲ್ಲ. ದೂರ ದೂರಕ್ಕೆ ಓಕ್ ಮರಗಳು, ಅವುಗಳ ಕೆಳಗೆ ಹುಲ್ಲು, ಹುಲ್ಲಿನಲ್ಲಿ ಕುರಿ, ದನ, ಓಕ್ ಕಾಯಿ ತಿಂದು ಕೊಬ್ಬುವ ಕರಿಹಂದಿ. ಬಾಟಲಿಗಳ ಬಿರಡೆಗೆ ಬೇಕಾದ ಕಾರ್ಕ್ ಕೂಡ ಇಲ್ಲಿನ ಒಂದು ಜಾತಿಯ ಓಕ್ ಮರದ ತೊಗಟೆಯೇ. ಒಮ್ಮೆ ಸುಲಿದರೆ ಮತ್ತೆ ಸುಲಿಯಲು ಒಂಬತ್ತು ವರ್ಷ ಕಾಯಬೇಕು. ಏಪ್ರಿಲ್‌ನಲ್ಲಿ ಈ ತೋಪುಗಳ ನೆಲವೆಲ್ಲ ಹೂವು.

ಪ್ರವಾಸಿಗಳು ಬೀಡು ಬಿಡುವುದು ಸಾಮಾನ್ಯವಾಗಿ ಮೊನ್‌ಫ್ರಾಗ್ವೆ ರಾಷ್ಟ್ರೀಯ ಉದ್ಯಾನದ ಬಳಿ. ಶಿಬಿರದಲ್ಲಿ ಮೊದಲು ಸ್ವಾಗತಿಸುವುದು ನೀಲಿ ರೆಕ್ಕೆಯ, ಕಪ್ಪು ಟೊಪ್ಪಿಗೆಯ ಮ್ಯಾಗ್‌ಪೈ ಹಕ್ಕಿಗಳ ಹಿಂಡು. ಮೇಜಿನ ಕೆಳಗೆ ಬಿದ್ದ ಬ್ರೆಡ್ಡಿನ ಚೂರುಗಳನ್ನು ಒಂದೂ ಬಿಡದೆ ಹೆಕ್ಕುತ್ತವೆ. ಇವುಗಳ ಹತ್ತಿರದ ಬಂಧುಗಳು ಇರುವುದು ಚೀನಾ, ಜಪಾನ್‌ಗಳಲ್ಲಿ. ನಡುವಿನ ಸಾವಿರಾರು ಕಿಲೋಮೀಟರ್‌ಗಳಲ್ಲಿ ಒಂದೂ ಇಲ್ಲ. ಹಿಂದೆ ಪೋರ್ಚುಗೀಸ್ ನಾವಿಕರು ಪೂರ್ವದಿಂದ ಪಂಜರದಲ್ಲಿ ತಂದಿರಬೇಕು ಎಂದು ಕೆಲವರು ಊಹಿಸಿದ್ದರು. 2000ನೇ ಇಸವಿಯಲ್ಲಿ ಜಿಬ್ರಾಲ್ಟರ್‌ನ ಗುಹೆಗಳಲ್ಲಿ ಸಿಕ್ಕ 40,000 ವರ್ಷಕ್ಕೂ ಹಳೆಯ ಮೂಳೆಗಳು ವರದಿಯಾದವು. ನಾವಿಕರ ಕಥೆ ಅಲ್ಲಿಗೆ ಮುಗಿಯಿತು. ಹಕ್ಕಿ ಇಲ್ಲಿಯದೇ, ಹಿಮಯುಗದ ಕಾಲದಿಂದಲೂ.

ಉದ್ಯಾನದ ಹೃದಯವಿರುವುದು ತಾಖೋ ನದಿಯ ದಡದಲ್ಲಿ. ರಸ್ತೆಯ ಒಂದು ತಿರುವಿನಲ್ಲಿ ‘ಸಾಲ್ತೊ ದೆಲ್ ಹಿತಾನೊ’ ಎಂಬ ವೀಕ್ಷಣಾ ಸ್ಥಳವಿದೆ. ಎದುರಿಗೆ ನದಿಯಿಂದ ನೇರ ಮೇಲೆದ್ದ ಬಂಡೆ. ಬೆಳಿಗ್ಗೆ ಬೇಗ ಹೋದರೆ ಗ್ರಿಫನ್ ರಣಹದ್ದುಗಳು ಬಂಡೆಯ ಚಾಚುಗಳ ಮೇಲೆ ಸುಮ್ಮನೆ ಕೂತಿರುತ್ತವೆ. ದೂರದಿಂದ ಬಂದವರಿಗೆ ನಿರಾಸೆಯೇ ಆಗಬಹುದು. ಆತುರಪಡಬಾರದು. ಏಳೆಂಟು ಕಿಲೋ ತೂಗುವ ಹಕ್ಕಿ ರೆಕ್ಕೆ ಬಡಿದೇ ಹಾರುತ್ತ ಹೋದರೆ ಬೇಗ ದಣಿಯುತ್ತದೆ. ಬಿಸಿಲೇರಿ ಬಂಡೆ ಕಾಯಬೇಕು, ಬಂಡೆಯ ಪಕ್ಕದ ಗಾಳಿ ಬಿಸಿಯಾಗಿ ಹಿಗ್ಗಿ ಹಗುರಾಗಬೇಕು, ಮೇಲೇರಬೇಕು. ಹತ್ತು ಗಂಟೆಯ ಹೊತ್ತಿಗೆ ಒಂದು ಹಕ್ಕಿ ಚಾಚಿನಿಂದ ಜಾರಿ ಎರಡೂವರೆ ಮೀಟರ್ ಅಗಲದ ರೆಕ್ಕೆ ಬಿಚ್ಚುತ್ತದೆ. ಸುತ್ತು ಹಾಕುತ್ತ ಏರುತ್ತದೆ. ಅದು ಏರಿದ್ದನ್ನು ಕಂಡು ಇನ್ನೊಂದು, ಮತ್ತೊಂದು. ಕಾಲು ಗಂಟೆಯಲ್ಲಿ ತಲೆಯ ಮೇಲೆ ಐವತ್ತು ಅರವತ್ತು ಹಕ್ಕಿಗಳ ಗೋಪುರ. ನಡುವೆ ಕೆಂಪು ಕೊಕ್ಕಿನ ಕಪ್ಪು ಕೊಕ್ಕರೆಯೂ ಕಾಣಬಹುದು. ಇನ್ನೂ ದೊಡ್ಡದಾದ ಕಪ್ಪು ರಣಹದ್ದು ಗೂಡು ಕಟ್ಟುವುದು ಮರಗಳ ಮೇಲೆ. ಮೊನ್‌ಫ್ರಾಗ್ವೆಯಲ್ಲಿ ಅದರ 300ಕ್ಕೂ ಹೆಚ್ಚು ಜೋಡಿಗಳಿವೆ.

ಇದೆಲ್ಲ ತಾನಾಗಿ ಉಳಿದದ್ದಲ್ಲ. 1970ರ ದಶಕದಲ್ಲಿ ಇಲ್ಲಿನ ಗುಡ್ಡಗಳ ಓಕ್ ಮರಗಳನ್ನು ಕಿತ್ತು, ಕಾಗದದ ತಿರುಳಿಗಾಗಿ ನೀಲಗಿರಿ ನೆಡುವ ಕೆಲಸ ಭರದಿಂದ ನಡೆದಿತ್ತು. (ನೀಲಗಿರಿ ತೋಪು ಎಂದರೇನೆಂದು ಕೋಲಾರದವರಿಗೆ ಹೇಳಬೇಕಿಲ್ಲ.) ಹೆಸೂಸ್ ಗಾರ್ಸೋನ್ ಎಂಬ ನಿಸರ್ಗಪ್ರೇಮಿ ಇದರ ವಿರುದ್ಧ ಹೋರಾಡಿದರು. 1979ರಲ್ಲಿ ಪ್ರದೇಶಕ್ಕೆ ರಕ್ಷಣೆ ದೊರಕಿತು, 2007ರಲ್ಲಿ ರಾಷ್ಟ್ರೀಯ ಉದ್ಯಾನವಾಯಿತು.

ಕಾಡು ಉಳಿದರೆ ಸಾಲದು, ರಣಹದ್ದಿಗೆ ಊಟವೂ ಬೇಕು. ಸತ್ತ ಕುರಿಯನ್ನು ಬಯಲಲ್ಲಿ ಬಿಡುವುದು ಸ್ಪೇನಿನ ಕುರುಬರ ಹಳೆಯ ರೂಢಿ. ಹುಚ್ಚು ಹಸು ರೋಗದ ಭಯದಿಂದ ಐರೋಪ್ಯ ಒಕ್ಕೂಟ 2002ರಲ್ಲಿ ನಿಯಮ ಮಾಡಿ, ಸತ್ತ ಜಾನುವಾರುಗಳನ್ನು ಸಂಗ್ರಹಿಸಿ ನಾಶಪಡಿಸಬೇಕೆಂದಿತು. ರಣಹದ್ದುಗಳು ಹಸಿದವು. 2011ರಲ್ಲಿ ನಿಯಮ ಸಡಿಲವಾಯಿತು. ಅಷ್ಟರಲ್ಲಿ ಇನ್ನೊಂದು ಅಪಾಯ. ಅದರ ಹೆಸರು ಭಾರತಕ್ಕೆ ಚೆನ್ನಾಗಿ ಗೊತ್ತು: ಡೈಕ್ಲೋಫೆನಾಕ್. ದನಗಳ ನೋವು, ಉರಿಯೂತಕ್ಕೆ ಕೊಡುವ ಮದ್ದು. ಈ ಮದ್ದು ಮೈಯಲ್ಲಿರುವಾಗಲೇ ಸತ್ತ ದನವನ್ನು ತಿಂದ ರಣಹದ್ದಿನ ಮೂತ್ರಪಿಂಡ ಕೆಡುತ್ತದೆ, ಹಕ್ಕಿ ಕೆಲವೇ ದಿನಗಳಲ್ಲಿ ಸಾಯುತ್ತದೆ. 1990ರ ದಶಕದಿಂದ ಸುಮಾರು ಹದಿನೈದು ವರ್ಷಗಳಲ್ಲಿ ಭಾರತದ ಬಿಳಿಬೆನ್ನಿನ ರಣಹದ್ದುಗಳಲ್ಲಿ ನೂರಕ್ಕೆ ತೊಂಬತ್ತೊಂಬತ್ತಕ್ಕೂ ಹೆಚ್ಚು ಕಣ್ಮರೆಯಾದವು. ಕಾರಣ ಈ ಮದ್ದೇ ಎಂದು 2004ರಲ್ಲಿ ಪ್ರಕಟವಾದ ಸಂಶೋಧನೆ ತೋರಿಸಿತು. 2006ರಲ್ಲಿ ಭಾರತ ಪಶುವೈದ್ಯದಲ್ಲಿ ಅದರ ಬಳಕೆಯನ್ನು ನಿಷೇಧಿಸಿತು. ‘ಶೋಲೆ’ ಚಿತ್ರದ ಬಂಡೆಗಳಿಂದ ಹೆಸರಾದ ರಾಮನಗರದ ಬೆಟ್ಟದಲ್ಲಿ ಉದ್ದಕೊಕ್ಕಿನ ರಣಹದ್ದುಗಳಿಗಾಗಿ 2012ರಲ್ಲಿ ಧಾಮವೂ ಘೋಷಣೆಯಾಯಿತು. ಆದರೆ ಅಲ್ಲಿ ಉಳಿದಿದ್ದುದು ಬೆರಳೆಣಿಕೆಯಷ್ಟು.

ಇಷ್ಟೆಲ್ಲ ತಿಳಿದ ಮೇಲೂ 2013ರಲ್ಲಿ ಸ್ಪೇನ್ ಅದೇ ಮದ್ದನ್ನು ಜಾನುವಾರುಗಳಿಗೆ ಕೊಡಲು ಅನುಮತಿ ನೀಡಿತು! ಯೂರೋಪಿನ ರಣಹದ್ದುಗಳಲ್ಲಿ ಶೇಕಡಾ 90ರಷ್ಟು ಇರುವ ದೇಶ ಅದು. ಸತ್ತ ದನಗಳನ್ನು ನಿಗಾದಲ್ಲಿಡುತ್ತೇವೆ, ತೊಂದರೆಯಾಗದು ಎಂಬುದು ಅನುಮತಿಯ ಪರವಾಗಿದ್ದವರ ವಾದ. 2020ರಲ್ಲಿ ಕ್ಯಾಟಲೋನಿಯಾದಲ್ಲಿ ಎಳೆಯ ಕಪ್ಪು ರಣಹದ್ದೊಂದು ಸತ್ತು ಸಿಕ್ಕಿತು. ಪರೀಕ್ಷೆಯಲ್ಲಿ ಡೈಕ್ಲೋಫೆನಾಕ್ ಪತ್ತೆಯಾಯಿತು. ಒಂದೇ ಹಕ್ಕಿ ತಾನೇ ಎನ್ನಬಹುದು. ರಣಹದ್ದು ವರ್ಷಕ್ಕೆ ಇಡುವುದೂ ಒಂದೇ ಮೊಟ್ಟೆ.

ಗಾಲಿಮನೆಯನ್ನು ಶಿಬಿರದಲ್ಲೇ ಬಿಟ್ಟು ಕಾರಿನಲ್ಲಿ ಒಂದು ದಿನ ತ್ರುಹೀಯೊಗೆ ಹೋಗಿಬರಬಹುದು. ಪೆರು ದೇಶದ ಇಂಕಾ ಸಾಮ್ರಾಜ್ಯವನ್ನು ಕೆಡವಿದ ಫ್ರಾನ್ಸಿಸ್ಕೊ ಪಿಸಾರೊ ಹುಟ್ಟಿದ ಊರು ಅದು. ಚೌಕದಲ್ಲಿ ಕುದುರೆಯೇರಿದ ಅವನ ಕಂಚಿನ ಪ್ರತಿಮೆಯಿದೆ. ಹಕ್ಕಿಪ್ರಿಯರು ಮಾತ್ರ ಅದಕ್ಕೆ ಬೆನ್ನು ಹಾಕಿ ಗೂಳಿಕಾಳಗದ ಕಟ್ಟಡದ ಕಡೆ ನಡೆಯುತ್ತಾರೆ. ಅದರ ಹಳೆಯ ಹೆಂಚುಗಳ ಸಂದಿಯಲ್ಲಿ, ಆಫ್ರಿಕಾದಲ್ಲಿ ಚಳಿಗಾಲ ಕಳೆದು ಬಂದ ಪುಟ್ಟ ಕೆಸ್ಟ್ರೆಲ್ ಡೇಗೆಗಳು ಗೂಡು ಮಾಡುತ್ತವೆ. ಮಿಡತೆ ಹಿಡಿದು ತಂದು ಹೆಂಚಿನಡಿ ನುಗ್ಗುವುದನ್ನು ರಸ್ತೆಯಲ್ಲೇ ನಿಂತು ನೋಡಬಹುದು. ಇನ್ನು ಕಾಸೆರೆಸ್ ಪಟ್ಟಣದ ಗೋಪುರಗಳ ಮೇಲೆ ಬಿಳಿ ಕೊಕ್ಕರೆಗಳ ಬುಟ್ಟಿಯಂಥ ಗೂಡುಗಳು. ಕೂಗಲಾರದ ಈ ಹಕ್ಕಿಗಳು ಕೊಕ್ಕು ಕುಟ್ಟಿ ಟಕಟಕ ಸದ್ದು ಮಾಡುತ್ತವೆ. ಕೊಕ್ಕರೆ ಬೆಳ್ಳೂರನ್ನು ಕಂಡವರಿಗೆ ಮನುಷ್ಯರ ನಡುವಿನ ಈ ಸಂಸಾರ ಹೊಸದೆನಿಸದು.

ಹೊರಡುವ ಮುನ್ನಾದಿನ ಮೊನ್‌ಫ್ರಾಗ್ವೆಯ ಹಳೆಯ ಕೋಟೆಯನ್ನು ಹತ್ತುವುದು ಅನೇಕರ ರೂಢಿ. ಮೆಟ್ಟಿಲುಗಳು ಕಡಿದು, ಮಕ್ಕಳೇ ಮೊದಲು ಮೇಲೆ ತಲುಪುತ್ತಾರೆ. ಮೂರು ದಿನ ಕತ್ತೆತ್ತಿ ನೋಡಿದ ಹಕ್ಕಿಗಳು ಅಲ್ಲಿ ಕಾಲ ಕೆಳಗೆ ಹಾರುತ್ತಿರುತ್ತವೆ. ರಣಹದ್ದಿನ ಬೆನ್ನು ಕಂದು ಬಣ್ಣವೆಂದೂ ರೆಕ್ಕೆಯ ತುದಿಯ ಗರಿಗಳು ಬೆರಳುಗಳಂತೆ ಬಿಡಿಸಿಕೊಂಡಿರುತ್ತವೆಂದೂ ಅಲ್ಲಿ ಸ್ಪಷ್ಟವಾಗಿ ತಿಳಿಯುತ್ತದೆ. ದುರ್ಬೀನೇ ಬೇಡ. ಒಂದು ಹಕ್ಕಿ ಗೋಡೆಗೆ ತೀರ ಹತ್ತಿರ ಬಂದು, ಕತ್ತು ಹೊರಳಿಸಿ ನಿಂತವರನ್ನು ನೋಡಿ, ರೆಕ್ಕೆ ಅಲುಗಿಸದೆ ನದಿಯತ್ತ ಇಳಿದುಹೋಗುತ್ತದೆ.